ಕಾಲರ್ ಬೋನ್ ಮುರಿತಕ್ಕೆ ಸಣ್ಣ ಗಾಯದ ಸರ್ಜರಿ: ಯಾವ ಮುರಿತಕ್ಕೆ ನೈಲ್, ಯಾವುದಕ್ಕೆ ಪ್ಲೇಟ್?

ಮೂಳೆ_ಪಿಜಿ
ಎಲ್ಲರಿಗೂ ನಮಸ್ಕಾರ. ಕಾಲರ್ ಬೋನಿನ ನಡುಭಾಗದ ಮುರಿತದ ಬಗ್ಗೆ ಪ್ರಶ್ನೆ. ಬೈಕಿನಿಂದ ಭುಜದ ಮೇಲೆ ಬಿದ್ದ, 30ರ ಆಸುಪಾಸಿನ ರೋಗಿ ಎಂದಿಟ್ಟುಕೊಳ್ಳಿ. ತುಂಡುಗಳು ಪೂರ್ತಿ ಸರಿದಿವೆ, ಮೂಳೆ 2 ಸೆಂ.ಮೀ. ಗಿಡ್ಡವಾಗಿದೆ, ನಡುವೆ ಚಿಕ್ಕದೊಂದು ಬಿಡಿ ಚೂರು. ಚರ್ಮ, ನಾಡಿ, ಬೆರಳುಗಳ ಚಲನೆ ಎಲ್ಲ ಸರಿಯಾಗಿದೆ. 8–10 ಸೆಂ.ಮೀ. ಕೊಯ್ದು ಪ್ಲೇಟ್ ಹಾಕುವುದರ ಬದಲು ಟೆನ್ಸ್ ನೈಲ್ (ಮೂಳೆಯೊಳಗೆ ತೂರಿಸುವ ಸರಳು) ಹಾಕಬಹುದು ಅಂತಾರೆ, ಮಿಪೋ ಪ್ಲೇಟ್ (ಸಣ್ಣ ಗಾಯಗಳ ಮೂಲಕ ಚರ್ಮದಡಿ ಸರಿಸಿ ಕೂರಿಸುವ ಪ್ಲೇಟ್) ಹಾಕಬಹುದು ಅಂತಾರೆ. ಎರಡರಲ್ಲಿ ಆಯ್ಕೆ ಹೇಗೆ? ಹೆಜ್ಜೆಗಳ ಜೊತೆಗೆ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನೂ ತಿಳಿದವರು ಬರೆದರೆ ಉಪಕಾರ.

ತುಂಗಾತೀರ_ಆರ್ಥೋ
ಒಳ್ಳೆಯ ಪ್ರಶ್ನೆ. ಗಾಯ ಎಷ್ಟು ಚಿಕ್ಕದು ಎಂಬಲ್ಲಿಂದ ಯೋಚನೆ ಶುರು ಮಾಡಬೇಡಿ, ಮುರಿತದ ಗೆರೆಯಿಂದ ಶುರು ಮಾಡಿ. ಕಾಲರ್ ಬೋನ್ ಮುರಿತಗಳಲ್ಲಿ ಸುಮಾರು 80% ನಡುಭಾಗದವು. ಎರಡು ಬಾಗುಗಳು ಸೇರುವ ಜಾಗ ಅದು. ಅಲ್ಲಿ ಮೂಳೆ ತೆಳು, ಕಟ್ಟಿ ಹಿಡಿಯುವ ಲಿಗಮೆಂಟ್‌ಗಳೂ ಇಲ್ಲ. ಮುರಿದ ಮೇಲೆ ಎದೆಗೂಡಿನ ಕಡೆಯ ತುಂಡನ್ನು ಕತ್ತಿನ ಸ್ಟರ್ನೋಮ್ಯಾಸ್ಟಾಯ್ಡ್ ಸ್ನಾಯು ಮೇಲಕ್ಕೆಳೆಯುತ್ತದೆ. ಭುಜದ ಕಡೆಯ ತುಂಡು ಕೈಯ ಭಾರಕ್ಕೆ ಕೆಳಗಿಳಿದು, ಎದೆಯ ಸ್ನಾಯುವಿನ ಸೆಳೆತಕ್ಕೆ ಒಳಕ್ಕೆ ಬರುತ್ತದೆ. ನಾವು ಏನು ಹಾಕಿದರೂ ಅದು ಈ ಎರಡು ಎಳೆತಗಳನ್ನು ತಡೆಯಬೇಕು.

ಟೆನ್ಸ್ ಎಂದರೆ ಮೂಳೆಯೊಳಗೆ ಕೂರುವ ಬಳುಕುವ ಟೈಟಾನಿಯಂ ಸರಳು. ಅದು ಬಾಗುವಿಕೆಯನ್ನು ಚೆನ್ನಾಗಿ ತಡೆಯುತ್ತದೆ. ಉದ್ದವನ್ನು ಮತ್ತು ತಿರುಚುವಿಕೆಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಆದ್ದರಿಂದ ಎರಡು ಮುಖ್ಯ ತುಂಡುಗಳು ಒಂದಕ್ಕೊಂದು ಆತುಕೊಳ್ಳುವ ಮುರಿತಕ್ಕೆ, ಅಂದರೆ ಅಡ್ಡ ಮುರಿತ, ಗಿಡ್ಡ ಓರೆ ಮುರಿತ, ಚಿಕ್ಕ ಚೂರಿರುವ ಮುರಿತಕ್ಕೆ ಮಾತ್ರ ನೈಲ್. ಚೂರು ದೊಡ್ಡದಾಗಿ ನೆಟ್ಟಗೆ ನಿಂತಿದ್ದರೆ, ಎರಡು ಮೂರು ಚೂರುಗಳಿದ್ದರೆ, ಉದ್ದ ಓರೆಯಾಗಿದ್ದರೆ, ನೈಲಿನ ಮೇಲೆ ತುಂಡುಗಳು ಜಾರಿ ಮತ್ತೆ ಗಿಡ್ಡವಾಗುತ್ತವೆ, ನೈಲಿನ ತುದಿ ಎದೆಯ ಕಡೆ ಹೊರಬರುತ್ತದೆ. ಅಂಥಲ್ಲಿ ಉದ್ದ ಹಿಡಿಯುವ ಪ್ಲೇಟೇ ಬೇಕು. ಅದನ್ನು ಮಿಪೋ ವಿಧಾನದಲ್ಲಿ ಎರಡು ಕಿಟಕಿಗಳ ಮೂಲಕ ಹಾಕಬಹುದು.

ನಿಮ್ಮ ಉದಾಹರಣೆಯಲ್ಲಿ ಚೂರು ನಿಜಕ್ಕೂ ಚಿಕ್ಕದಿದ್ದು, ಉಳಿದ ಅಂಚುಗಳು ಅರ್ಧಕ್ಕಿಂತ ಹೆಚ್ಚು ಆತುಕೊಳ್ಳುತ್ತವೆ ಅನಿಸಿದರೆ ನೈಲ್ ಹಾಕಿ. ಅನುಮಾನವಿದ್ದರೆ ಪ್ಲೇಟ್.

ನಲವತ್ತರ_ಸ್ಲಿಂಗ್
ಯಾವುದನ್ನು ಹಾಕಬೇಕು ಎನ್ನುವ ಮೊದಲು, ಹಾಕಲೇಬೇಕೇ ಎಂಬುದನ್ನೂ ಕೇಳಿಕೊಳ್ಳೋಣ. 1960ರಲ್ಲಿ ಚಾರ್ಲ್ಸ್ ನೀರ್ 2235 ಮುರಿತಗಳನ್ನು ಸರ್ಜರಿಯಿಲ್ಲದೆ ನೋಡಿಕೊಂಡಾಗ ಕೂಡದೆ ಉಳಿದದ್ದು 3 ಮಾತ್ರ. ಆ ಲೆಕ್ಕದಲ್ಲಿ ಮಕ್ಕಳೂ ಇದ್ದರು, ಸರಿಯದ ಮುರಿತಗಳೂ ಇದ್ದವು ಎಂಬುದನ್ನು ಮರೆತು ದಶಕಗಟ್ಟಲೆ ಎಲ್ಲ ಮುರಿತಕ್ಕೂ ಅದನ್ನೇ ಅನ್ವಯಿಸಿದರು. ಪೂರ್ತಿ ಸರಿದ ವಯಸ್ಕರ ಮುರಿತಗಳನ್ನೇ ಬೇರ್ಪಡಿಸಿ ನೋಡಿದಾಗ ಚಿತ್ರ ಬದಲಾಯಿತು. 2007ರ ಕೆನಡಾ ಅಧ್ಯಯನದಲ್ಲಿ ಸ್ಲಿಂಗ್ ಹಾಕಿದ 49 ಜನರಲ್ಲಿ 7 ಮುರಿತ ಕೂಡಲಿಲ್ಲ, ಪ್ಲೇಟ್ ಹಾಕಿದ 62ರಲ್ಲಿ 2 ಕೂಡಲಿಲ್ಲ. 2013ರ ಸ್ಕಾಟ್ಲೆಂಡ್ ಅಧ್ಯಯನದ 200 ರೋಗಿಗಳಲ್ಲಿ ಕೂಡದೆ ಉಳಿದದ್ದು ಸ್ಲಿಂಗ್ ಗುಂಪಿನಲ್ಲಿ 16, ಪ್ಲೇಟ್ ಗುಂಪಿನಲ್ಲಿ 1.

ಆದರೆ ಅದೇ 2013ರ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಕೂಡದ ಮುರಿತಗಳನ್ನು ಬದಿಗಿಟ್ಟು ನೋಡಿದರೆ ಕೈ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಅಂಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಅಂದರೆ ಸರ್ಜರಿಯಿಂದ ಸಿಗುವ ದೊಡ್ಡ ಲಾಭ ಮೂಳೆ ಕೂಡುವ ಭರವಸೆ, ಜೊತೆಗೆ ಮೊದಲ ಕೆಲವು ವಾರಗಳ ಆರಾಮ. ಹಾಗಾಗಿ ಕೂಡದೆ ಉಳಿಯುವ ಅಪಾಯ ಯಾರಿಗೆ ಹೆಚ್ಚು ಎಂಬುದೇ ಮುಖ್ಯ. ಅಂಚುಗಳು ಒಂದನ್ನೊಂದು ಮುಟ್ಟದಷ್ಟು ಸರಿದಿರುವುದು, ಚೂರುಚೂರಾಗಿರುವುದು, ಬೀಡಿ ಸಿಗರೇಟು, ಈ ಮೂರನ್ನು ತಪ್ಪದೆ ನೋಡಿ. 1 ಸೆಂ.ಮೀ. ಗಿಡ್ಡವಾಗಿ ಅಂಚುಗಳು ತಾಗಿಕೊಂಡಿರುವ ಮುರಿತಕ್ಕೆ, ಸಣ್ಣ ಗಾಯದಲ್ಲಿ ಮುಗಿಯುತ್ತದಲ್ಲ ಎಂದು ನೈಲ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಗಾಯ ಸಣ್ಣದಾದ ಮಾತ್ರಕ್ಕೆ ಸರ್ಜರಿಯ ಅಗತ್ಯ ಹುಟ್ಟುವುದಿಲ್ಲ. 2–3 ವಾರ ಸಾದಾ ಸ್ಲಿಂಗ್ ಸಾಕು. ಎಂಟರ ಆಕಾರದ ಬಿಗಿಪಟ್ಟಿ ಮೂಳೆಯನ್ನು ಸ್ಥಾನಕ್ಕೆ ತಂದು ನಿಲ್ಲಿಸುವುದಿಲ್ಲ. ಕಂಕುಳಲ್ಲಿ ಚರ್ಮ ಉಜ್ಜುತ್ತದೆ, ತೀರಾ ಬಿಗಿದರೆ ಕೈ ಜೋಮು ಹಿಡಿಯುತ್ತದೆ. ನಾಟಿ ಕಟ್ಟು ಹಾಕಿಸಿಕೊಂಡು ಬಂದವರಲ್ಲಿ ಮೊದಲು ಕಟ್ಟು ಬಿಚ್ಚಿ ಕಂಕುಳ ಚರ್ಮ, ಕೈ ನಾಡಿ, ಬೆರಳ ಸ್ಪರ್ಶ ನೋಡಿ, ಆಮೇಲೆ ಎಕ್ಸ್‌ರೇ.

ಕಾಯುವಂತಿಲ್ಲದ ಪಟ್ಟಿ ಬೇರೆಯೇ ಇದೆ. ಬಾಯಿ ತೆರೆದ ಗಾಯ, ರಕ್ತನಾಳ ಅಥವಾ ನರಕ್ಕೆ ಪೆಟ್ಟು, ಒಳಗಿನ ಮೊನೆ ಒತ್ತಿ ಬಿಳಿಚಿಕೊಂಡ ಚರ್ಮ. ಚರ್ಮ ಬರೀ ಗುಡಾರದಂತೆ ಎದ್ದಿದ್ದರೆ ಗಾಬರಿ ಬೇಡ. ಬೆರಳಲ್ಲಿ ಒತ್ತಿ ಬಿಟ್ಟಾಗ ಕೆಂಪು ಮರಳದಿದ್ದರೆ ಆ ಜಾಗ ಸಾಯುತ್ತಿದೆ ಎಂದರ್ಥ, ತಡ ಮಾಡಬಾರದು.

ಕಿರಣಲೋಕ
ಎಕ್ಸ್‌ರೇ ತೆಗೆಯುವ ಕಡೆಯಿಂದ ಎರಡು ಮಾತು. ಮಲಗಿಸಿ ತೆಗೆದ ಚಿತ್ರ ನೋಡಿ "ಅಷ್ಟೇನೂ ಸರಿದಿಲ್ಲ" ಎಂದು ನಿರ್ಧರಿಸಬೇಡಿ. ಮಲಗಿದಾಗ ಕೈಯ ಭಾರ ಇಲ್ಲದ ಕಾರಣ ತುಂಡುಗಳು ಹತ್ತಿರ ಬರುತ್ತವೆ. ನಿಲ್ಲಲಾಗದಿದ್ದರೆ ಕೂರಿಸಿಯಾದರೂ ತೆಗೆಸಿ. ಗಿಡ್ಡವಾದದ್ದನ್ನು ಅಳೆಯಲು ಎರಡೂ ಕಾಲರ್ ಬೋನುಗಳು ಒಂದೇ ಫಿಲ್ಮಿನಲ್ಲಿ ಬರಬೇಕು, ಬೆನ್ನುಮೂಳೆಯ ಗೆರೆ ನಡುವೆ ಇರಬೇಕು. ರೋಗಿ ಸ್ವಲ್ಪ ತಿರುಗಿ ನಿಂತರೂ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಕಾಣುತ್ತದೆ. ಒಂದು ಎದುರು ಚಿತ್ರ, ಇನ್ನೊಂದು ಟ್ಯೂಬನ್ನು ತಲೆಯ ಕಡೆಗೆ 30–45 ಡಿಗ್ರಿ ವಾಲಿಸಿದ ಚಿತ್ರ. ನೆಟ್ಟಗೆ ನಿಂತ ಚೂರು ಈ ಎರಡನೆಯದರಲ್ಲೇ ಬಯಲಾಗುವುದು.

ಎದೆಯ ಎಕ್ಸ್‌ರೇ ಬಿಡಬೇಡಿ. ಮೊದಲ ಪಕ್ಕೆಲುಬುಗಳು, ಶ್ವಾಸಕೋಶದ ಸುತ್ತ ಗಾಳಿ, ಭುಜದ ಹಲಗೆಯ ಕತ್ತು, ಇಷ್ಟನ್ನೂ ನೋಡಿಯೇ ಓಟಿ ಪಟ್ಟಿಗೆ ಹಾಕಬೇಕು. ಸಿ.ಟಿ. ಎಲ್ಲರಿಗೂ ಬೇಡ. ಎದೆಗೂಡಿನ ಕಡೆಯ ತುದಿ ಮುರಿದಿದ್ದರೆ ಮಾತ್ರ ಸಾದಾ ಚಿತ್ರದಲ್ಲಿ ಏನೂ ಸ್ಪಷ್ಟವಾಗುವುದಿಲ್ಲ, ಆಗ ಬೇಕು.

ಮೂಳೆ_ಪಿಜಿ
ಧನ್ಯವಾದ ಸರ್. ನೈಲಿನ ಹೆಜ್ಜೆಗಳನ್ನು ಮೊದಲು ಬರೆಯುತ್ತೀರಾ? ಎಂಟ್ರಿ ಪಾಯಿಂಟ್ ಮತ್ತು ಮುಚ್ಚಿದ ರಿಡಕ್ಷನ್ (ಮುರಿತದ ಜಾಗ ತೆರೆಯದೆ ತುಂಡುಗಳನ್ನು ಸಾಲಿಗೆ ತರುವುದು), ಈ ಎರಡರಲ್ಲೇ ಹೆಚ್ಚು ಹೊತ್ತು ಹೋಗುವುದು ಕಾಣುತ್ತದೆ.

ತುಂಗಾತೀರ_ಆರ್ಥೋ
ಮಲಗಿಸುವುದರಿಂದಲೇ ಶುರು. ಎಕ್ಸ್‌ರೇ ಹಾಯುವ ಟೇಬಲ್, ಭುಜದ ಹಲಗೆಗಳ ನಡುವೆ ಮಡಿಸಿದ ಒಂದು ಟವೆಲ್, ತಲೆ ಮುರಿಯದ ಬದಿಗೆ ತಿರುಗಿರಲಿ. ಕೈಯನ್ನು ಬಟ್ಟೆ ಹೊದಿಸಿ ಬಿಡಿಯಾಗಿಡಿ, ರಿಡಕ್ಷನ್‌ಗೆ ಅದೇ ಹಿಡಿಕೆ. ಸಿ-ಆರ್ಮ್ (ಸರ್ಜರಿ ನಡುವೆ ಎಕ್ಸ್‌ರೇ ತೋರಿಸುವ ಯಂತ್ರ) ಎದುರು ಬದಿಯಿಂದ. ಬಟ್ಟೆ ಹೊದಿಸುವ ಮೊದಲೇ ಎದುರು ಚಿತ್ರ ಮತ್ತು ತಲೆಯ ಕಡೆ ವಾಲಿಸಿದ ಚಿತ್ರ ಎರಡೂ ಸ್ವಚ್ಛವಾಗಿ ಬರುತ್ತವೆಯೇ ನೋಡಿ. ಇಲ್ಲಿ 2 ನಿಮಿಷ ಉಳಿಸಲು ಹೋದರೆ ಆಮೇಲೆ ಅರ್ಧ ಗಂಟೆ ಹೋಗುತ್ತದೆ.

ಎಂಟ್ರಿ: ಸ್ಟರ್ನಮ್ (ಎದೆಮೂಳೆ) ಕೀಲಿನಿಂದ 1–1.5 ಸೆಂ.ಮೀ. ಹೊರಗೆ, ಮೂಳೆಯ ಮುಂದಿನ ಮುಖದಲ್ಲಿ. ಚರ್ಮ 1–1.5 ಸೆಂ.ಮೀ. ಕೊಯ್ದರೆ ಸಾಕು. ತೂತು ಕೊರೆಯುವ ಮೊನಚು ಸಾಧನ ಆಲ್ ಅನ್ನು ಮೊದಲು ಮೂಳೆಗೆ ನೇರವಾಗಿ ಹಿಡಿದು ಕಚ್ಚಿಸಿ, ಅದು ಜಾರದೆ ನಿಂತ ಮೇಲೆ ಹಿಡಿಕೆಯನ್ನು ನಿಧಾನವಾಗಿ ಬಾಗಿಸುತ್ತಾ ಕಾಲುವೆಯ ದಿಕ್ಕಿಗೆ ತನ್ನಿ. ಮುಂದಿನ ಗೋಡೆ ಮಾತ್ರ ತೂತಾಗಬೇಕು. ಹಿಂದಿನ ಗೋಡೆಗೆ ಹೋಗಬಾರದು, ಅದರ ಬೆನ್ನಿಗೇ ದೊಡ್ಡ ಅಭಿಧಮನಿಗಳು. ಈ ಜಾಗದಲ್ಲಿ ಮೋಟಾರ್ ಡ್ರಿಲ್‌ಗಿಂತ ಕೈಯ ಆಲ್ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೂತು ತೀರಾ ಕಡಿದಾಗಿದ್ದರೆ ನೈಲ್ ಹಿಂದಿನ ಗೋಡೆಗೆ ಗುದ್ದಿ ಅಲ್ಲೇ ನಿಲ್ಲುತ್ತದೆ. ಆಗ ಬಲ ಹಾಕಬೇಡಿ, ತೂತನ್ನು ಇನ್ನಷ್ಟು ಓರೆ ಮಾಡಿ.

ನೈಲಿನ ದಪ್ಪ 2ರಿಂದ 3.5 ಮಿ.ಮೀ. ಎಕ್ಸ್‌ರೇಯಲ್ಲಿ ಕಾಲುವೆಯ ಅತಿ ಕಿರಿದಾದ ಜಾಗ ಅಳೆದಿಟ್ಟುಕೊಳ್ಳಿ. ಸಣ್ಣ ಮೈಕಟ್ಟಿನವರಲ್ಲಿ 2 ಮಿ.ಮೀ. ನೈಲೇ ಬಿಗಿಯಾಗಬಹುದು. ಸಲೀಸಾಗಿ ಹೋಗುವುದರಲ್ಲಿ ದಪ್ಪನೆಯದನ್ನು ಆರಿಸಿ. ತೀರಾ ತೆಳುವಾದರೆ ಬಾಗುತ್ತದೆ, ದಪ್ಪವಾದರೆ ಬಾಗಿನಲ್ಲಿ ಸಿಕ್ಕಿಕೊಂಡು ಮುರಿತವನ್ನು ಅಗಲಿಸುತ್ತದೆ. ನೈಲಿನ ಬಾಗಿದ ಮೂತಿಯನ್ನು ಸ್ವಲ್ಪ ನೇರ ಮಾಡಿಕೊಂಡರೆ ಈ ಕಿರಿದಾದ ಕಾಲುವೆಯಲ್ಲಿ ಚೆನ್ನಾಗಿ ಸಾಗುತ್ತದೆ. ಟಿ-ಹಿಡಿಕೆಯ ಚಕ್‌ನಲ್ಲಿ ಕಚ್ಚಿಸಿ, ಎಡಕ್ಕೆ ಬಲಕ್ಕೆ ತಿರುವುತ್ತಾ ತಳ್ಳಿ. ಸುತ್ತಿಗೆ ಬೇಡ.

ಮುರಿತದ ಬಳಿ ಬಂದಾಗ ಎರಡು ಸಣ್ಣ ಮೊನಚು ಕ್ಲ್ಯಾಂಪುಗಳನ್ನು ಚರ್ಮದ ಮೂಲಕವೇ ತುಂಡಿಗೊಂದರಂತೆ ಕಚ್ಚಿಸಿ. ಒಳತುಂಡನ್ನು ಕೆಳಕ್ಕೆ ಒತ್ತಿ, ಹೊರತುಂಡನ್ನು ಮೇಲಕ್ಕೂ ಹೊರಕ್ಕೂ ಎಳೆಯಿರಿ. ಎರಡೂ ಚಿತ್ರಗಳಲ್ಲಿ ಸಾಲಾದಾಗ ಮಾತ್ರ ನೈಲ್ ದಾಟಿಸಿ. ಒಂದೇ ಚಿತ್ರ ನಂಬಿ ದಾಟಿಸಿದರೆ ನೈಲ್ ಹೊರತುಂಡಿನ ಹಿಂದೆ, ಸ್ನಾಯುವಿನೊಳಗೆ ಹೋಗಿರುತ್ತದೆ. ಅಲ್ಲಿ ಕೈಗೆ ಹೋಗುವ ಬ್ರೇಕಿಯಲ್ ನರಜಾಲವಿದೆ. ಮೂರು ನಾಲ್ಕು ಸಲ ಪ್ರಯತ್ನಿಸಿಯೂ ಆಗಲಿಲ್ಲವೇ, ಮುರಿತದ ಮೇಲೆ 2 ಸೆಂ.ಮೀ. ಕೊಯ್ದು ಕಣ್ಣಾರೆ ನೋಡಿ ದಾಟಿಸಿ. ಇದನ್ನು ಸೋಲು ಎಂದುಕೊಳ್ಳಬೇಡಿ. ಗಣನೀಯ ಸಂಖ್ಯೆಯ ರೋಗಿಗಳಲ್ಲಿ ಹೀಗೆ ತೆರೆಯಲೇಬೇಕಾಗುತ್ತದೆ. ಪೆಟ್ಟಾಗಿ 7–10 ದಿನ ಕಳೆದಿದ್ದರೆ ಮುಚ್ಚಿದ ರಿಡಕ್ಷನ್ ಮೇಲೆ ಹೆಚ್ಚು ಭರವಸೆ ಇಡದೆ ರೋಗಿಗೂ ಮೊದಲೇ ಹೇಳಿಟ್ಟಿರಿ.

ದಾಟಿದ ಮೇಲೆ ಹೊರತುದಿಯ ಚಪ್ಪಟೆ ಭಾಗದವರೆಗೆ ಒಯ್ದು, ಎ.ಸಿ. ಕೀಲಿಗಿಂತ (ಭುಜದ ತುದಿಗೆ ಕಾಲರ್ ಬೋನ್ ಸೇರುವ ಕೀಲು) ಒಳಗೇ ನಿಲ್ಲಿಸಿ. ಆ ಚಪ್ಪಟೆ ಭಾಗದ ಹಿಂಗೋಡೆ ತೆಳು, ನೈಲ್ ಅಲ್ಲಿ ಸುಲಭವಾಗಿ ತೂತು ಮಾಡಿಕೊಂಡು ಹೊರಬರುತ್ತದೆ. ಕೊನೆಯ 2 ಸೆಂ.ಮೀ.ನಲ್ಲಿ ಪ್ರತಿ ತಿರುವಿಗೂ ಚಿತ್ರ ತೆಗೆಯಿರಿ. ಬಿಡುವ ಮೊದಲು ಭುಜವನ್ನು ಹೊರಗಿನಿಂದ ಒತ್ತಿ ಮುರಿತದ ಸಂದು ಮುಚ್ಚಿಸಿ. ಒಳತುದಿಯನ್ನು ಮೂಳೆಗೆ ಹತ್ತಿರವಾಗಿ, 5–8 ಮಿ.ಮೀ. ಮಾತ್ರ ಬಿಟ್ಟು ಕತ್ತರಿಸಿ, ತುದಿ ಮುಚ್ಚುವ ಎಂಡ್ ಕ್ಯಾಪ್ ಇದ್ದರೆ ಹಾಕಿ. ನೈಲಿನ ತೊಂದರೆಗಳಲ್ಲಿ ಹೆಚ್ಚು ಕಾಣುವುದು ಈ ತುದಿ ಚರ್ಮವನ್ನು ಚುಚ್ಚುವುದೇ.

ಓಟಿ_ಸಿಸ್ಟರ್_ಮಂಡ್ಯ
ಟ್ರೇ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಬರೆಯುತ್ತೇನೆ. ನೈಲ್ ಕೇಸ್ ಎಂದು ಪಟ್ಟಿಯಲ್ಲಿದ್ದರೂ ಕಾಲರ್ ಬೋನ್ ಪ್ಲೇಟ್ ಸೆಟ್ ಆಟೋಕ್ಲೇವ್ ಆಗಿ ಕೋಣೆಯಲ್ಲೇ ಇರಬೇಕು. ಅರ್ಧದಲ್ಲಿ ಪ್ಲೇಟ್‌ಗೆ ಬದಲಾಯಿಸುವ ಪ್ರಸಂಗ ಅಪರೂಪವೇನಲ್ಲ. ಪ್ಲೇಟುಗಳು ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಗುರುತು ನೋಡಿ, ಎರಡು ಮೂರು ಉದ್ದಗಳನ್ನು ತರಿಸಿಟ್ಟುಕೊಳ್ಳಿ. ನೈಲುಗಳು 2, 2.5, 3 ಮಿ.ಮೀ., ಪ್ರತಿಯೊಂದೂ ಎರಡೆರಡು. ಆಲ್, ಟಿ-ಹಿಡಿಕೆ ಚಕ್, ಎರಡು ಸಣ್ಣ ಮೊನಚು ಕ್ಲ್ಯಾಂಪ್, 2 ಮತ್ತು 2.5 ಮಿ.ಮೀ. ಕೆ-ವೈರ್ (ಮೂಳೆಗೆ ತೂರಿಸುವ ಚೂಪು ತಂತಿ), ಗಟ್ಟಿ ಕಟರ್. ಕಟರ್ ಹಲ್ಲು ಸವೆದಿದ್ದರೆ ನೈಲಿನ ತುದಿ ಚೂಪಾಗಿ ಉಳಿಯುತ್ತದೆ, ರೋಗಿಗೆ ಚುಚ್ಚುವುದು ಅದೇ.

ಟೈಟಾನಿಯಂ ಪ್ಲೇಟ್‌ಗೆ ಸ್ಟೀಲ್ ಸ್ಕ್ರೂ ಸೇರಿಸಬೇಡಿ. ಸೋಂಕು ತಡೆಯುವ ಸೆಫಾಝೋಲಿನ್ 2 ಗ್ರಾಂ ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಹೋಗಿರಬೇಕು. ಅದನ್ನು ವಾರ್ಡಿನಲ್ಲಿ ಕೊಟ್ಟು ಓಟಿಯಲ್ಲಿ ಎರಡು ಗಂಟೆ ಕಾಯಿಸಿದರೆ ಪ್ರಯೋಜನವಿಲ್ಲ. ಚರ್ಮ ತೊಳೆಯುವಾಗ ಕಂಕುಳನ್ನು ಕೊನೆಯಲ್ಲಿ ಮುಟ್ಟಿ, ಮುಟ್ಟಿದ ಗಾಜ್ ಬಟ್ಟೆಯನ್ನು ಮತ್ತೆ ಮೇಲಕ್ಕೆ ತರಬೇಡಿ.

ಹುಬ್ಬಳ್ಳಿ_ಟ್ರಾಮಾ
ಸರ್, ನೈಲಿನ ವಿಷಯ ಚಲೋ ಬರದೀರಿ. ಆದ್ರ ನಮ್ಮ ಕಡೆ ಹೈವೇ ಆ್ಯಕ್ಸಿಡೆಂಟಿನಾಗ ಬರೋದು ಬಹಳ ಮಾಡಿ ಚೂರಾದ ಮುರಿತನ. 2017ರ ನಾರ್ವೆ ಅಧ್ಯಯನದಾಗ 123 ರೋಗಿಗಳನ್ನ ಹೋಲಿಸಿ ನೋಡ್ಯಾರ, ಪ್ಲೇಟ್ ಹಾಕಿದವರು ಮೊದಲ ತಿಂಗಳುಗಳಾಗ ಲಗೂನ ಸುಧಾರಿಸ್ಯಾರ, ಚೂರಾದ ಮುರಿತದಾಗ ಈ ಫರಕ್ ಇನ್ನೂ ಹೆಚ್ಚು. ವರ್ಷ ಆದಮ್ಯಾಲೆ ಎರಡೂ ಒಂದ. ಅದಕ್ಕ ಮಿಪೋ ಹೆಂಗ ಮಾಡೋದು ಅಂತ ವಿವರವಾಗಿ ಬರೀತೀನಿ.

ಕಿಟಕಿ ಎರಡು, ಒಳಗೊಂದು ಹೊರಗೊಂದು, 2–3 ಸೆಂ.ಮೀ. ಪ್ಲೇಟನ್ನ ಮೊದಲ ಚರ್ಮದ ಮ್ಯಾಲೆ ಇಟ್ಟು ಸಿ-ಆರ್ಮ್‌ನಾಗ ನೋಡಿ ಎರಡೂ ತುದಿ ಎಲ್ಲಿ ಬರ್ತಾವು ಅಂತ ಪೆನ್ನಿಲೆ ಗುರುತು ಹಾಕ್ರಿ. ಚೂರಾದ ಮುರಿತಕ್ಕ 8ರಿಂದ 10 ತೂತಿನ ಉದ್ದ ಪ್ಲೇಟ್ ಬೇಕು. ಎರಡೂ ಕಡೆ ಕನಿಷ್ಠ ಮೂರ್ ಮೂರು ಸ್ಕ್ರೂ, ಚೂರಿನ ಮ್ಯಾಲಿನ ಎರಡು ಮೂರು ತೂತು ಖಾಲಿ.

ಸುರಂಗ ಮಾಡೋವಾಗ ಎಲಿವೇಟರ್ (ಮಾಂಸ ಬಿಡಿಸೋ ಚಪ್ಪಟಿ ಸಾಧನ) ಮೂಳಿಗೆ ಅಂಟಿಕೊಂಡ ಹೋಗಬೇಕು, ಪೆರಿಯಾಸ್ಟಿಯಂ ಅಂದ್ರ ಮೂಳಿ ಮ್ಯಾಲಿನ ಪೊರೆ ಕೆರಿಬಾರದು. ಚೂರುಗಳಿಗೆ ರಕ್ತ ಬರೋದು ಅದರಿಂದನ, ಮಿಪೋ ಮಾಡೋದ ಅದನ್ನ ಉಳಿಸಾಕ. ಚೂರುಗಳನ್ನ ಹುಡುಕಿ ಜೋಡಿಸಾಕ ಹೋದ್ರ ಮಿಪೋ ಮಾಡಿದ್ದರ ಉಪಯೋಗ ಅಲ್ಲಿಗೆ ಮುಗೀತು. ಉದ್ದ, ದಿಕ್ಕು, ತಿರುವು ಈ ಮೂರು ಸರಿ ಬಂದ್ರ ಸಾಕು, ಚೂರುಗಳ ನಡುವ ಹೊಸ ಮೂಳಿ ತಾನ ತುಂಬ್ತೈತಿ. ಚರ್ಮಕ್ಕ ಒತ್ತೋ ಚೂರು ಮಾತ್ರ ಹುಕ್‌ನಿಂದ ಕೆಳಗ ಕೂಡಸ್ರಿ.

ಉದ್ದ ಎಳೆಯೋದು ಹೆಂಗ? 2.5 ಮಿ.ಮೀ. ಕೆ-ವೈರ್ ಒಳತುಂಡಿಗೊಂದು, ಹೊರತುಂಡಿಗೊಂದು ಹಾಕಿ ಹಿಡಿಕಿ ಮಾಡ್ಕೊಳ್ರಿ. ಅಷ್ಟಕ್ಕ ಬರಲಿಲ್ಲಂದ್ರ ಸಣ್ಣ ಹೊರಗಿನ ಫಿಕ್ಸೇಟರ್ (ಚರ್ಮದ ಹೊರಗ ಕೂಡ್ರೋ ಚೌಕಟ್ಟು) ಕಟ್ಟಿ ಎಳೀರಿ. ಆ ಕಡೆಯ ಸರಿ ಇರೋ ಮೂಳಿ ಉದ್ದ ಎಷ್ಟು ಅಂತ ಮೊದಲ ಅಳದಿರಬೇಕು. ಪ್ಲೇಟ್ ಕೂಡಿಸಿದ ಮ್ಯಾಲೆ ಮೊದಲನೇ ಸ್ಕ್ರೂ ಸಾದಾ ಕಾರ್ಟಿಕಲ್ ಹಾಕ್ರಿ, ಅದು ಪ್ಲೇಟನ್ನ ಮೂಳಿಗೆ ಎಳೀತೈತಿ. ಪ್ಲೇಟಿನ ತೂತಿಗನ ಬಿಗಿಯಾಗೋ ಲಾಕಿಂಗ್ ಸ್ಕ್ರೂ ಮೊದಲ ಹಾಕಿದ್ರ ಪ್ಲೇಟ್ ಮೂಳಿಯಿಂದ ಎದ್ದ ನಿಂತ್ಕೊಂತೈತಿ, ಆಮ್ಯಾಲೆ ಬ್ಯಾಗಿನ ಪಟ್ಟಿ ತಾಗಿದ್ರೂ ನೋವು. ತಿರುವು ಸರಿ ಐತಿಲ್ಲೋ ಅಂತ ನೋಡಾಕ ಎರಡೂ ತುಂಡಿನ ಗೋಡೆಯ ದಪ್ಪ, ಮೂಳಿಯ ಅಗಲ ಮುರಿತದ ಜಾಗದಾಗ ಹೊಂದ್ತಾವೇನು ನೋಡ್ರಿ, ಹೊರತುದಿ ಪ್ಲೇಟಿನ ಚಪ್ಪಟಿ ಭಾಗಕ್ಕ ಪೂರ್ತಿ ಕೂತೈತೇನು ನೋಡ್ರಿ.

ಒಂದು ಎಚ್ಚರಿಕಿ. ಸಾದಾ ಅಡ್ಡ ಮುರಿತಕ್ಕ ಮಿಪೋ ಮಾಡಿ 2–3 ಮಿ.ಮೀ. ಸಂದು ಬಿಟ್ರಿ ಅಂದ್ರ ಎಲ್ಲಾ ಅಲುಗಾಟ ಆ ಒಂದ ಸಂದಿನಾಗ ಸೇರ್ಕೊಂತೈತಿ. ಮೂಳಿ ಕೂಡೂದಿಲ್ಲ, ಮೂರು ನಾಲ್ಕು ತಿಂಗಳಿಗೆ ಪ್ಲೇಟ್ ಮುರೀತೈತಿ. ಚೂರಾದ ಮುರಿತದಾಗ ಅದ ಅಲುಗಾಟ ಹಲವು ಸಂದಿಗೆ ಹಂಚಿ ಹೋಗ್ತೈತಿ, ಅದಕ್ಕ ಅಲ್ಲಿ ಸೇತುವೆ ಪ್ಲೇಟ್ ನಡೀತೈತಿ. ಸಾದಾ ಮುರಿತಕ್ಕ ನೈಲ್ ಹಾಕ್ರಿ, ಇಲ್ಲಾಂದ್ರ ತೆರೆದು ಒತ್ತಿ ಕೂಡಿಸಿ ಪ್ಲೇಟ್ ಹಾಕ್ರಿ.

ತುಂಗಾತೀರ_ಆರ್ಥೋ
ಕೊನೆಯ ಪ್ಯಾರಾ ಪ್ರತಿ ಪಿಜಿಯೂ ಬರೆದಿಟ್ಟುಕೊಳ್ಳಬೇಕಾದ್ದು. ಅದಕ್ಕೆ ಒಂದು ಸೇರಿಕೆ: ನಮ್ಮಲ್ಲಿ ಸಿಗುವ ಮೊದಲೇ ಬಾಗಿಸಿದ ಪ್ಲೇಟುಗಳು ಸಣ್ಣ ಮೈಕಟ್ಟಿನ ಮಹಿಳೆಯರ ಮೂಳೆಗೆ ಹಲವು ಸಲ ಹೊಂದುವುದಿಲ್ಲ. ಆಗ ಸುಲಭವಾಗಿ ಬಾಗುವ 3.5 ಮಿ.ಮೀ. ರೀಕನ್ ಪ್ಲೇಟ್ ಬಾಗಿಸಿಕೊಳ್ಳುತ್ತಾರೆ. ಬಾಗಿಸುವುದಿದ್ದರೆ ತೂತುಗಳ ನಡುವೆ, ಒಂದೇ ದಿಕ್ಕಿಗೆ, ಒಂದೇ ಸಲ. ಆಚೆ ಈಚೆ ಬಾಗಿಸಿದ ಪ್ಲೇಟ್ ಅಲ್ಲೇ ಮುರಿಯುತ್ತದೆ. ಚೂರಾದ ಮುರಿತವನ್ನು ಸೇತುವೆಯಾಗಿ ದಾಟಿಸಲು ರೀಕನ್ ಪ್ಲೇಟ್ ಸಾಲದು.

ಮೂಳೆ_ಪಿಜಿ
ಮೇಲಿನಿಂದ ಡ್ರಿಲ್ ಮಾಡುವಾಗ ಕೆಳಗಿನ ರಕ್ತನಾಳದ ಭಯ. ಕಿಟಕಿ ಚಿಕ್ಕದಾದ್ದರಿಂದ ಕೆಳಗೆ ರಿಟ್ರ್ಯಾಕ್ಟರ್ ಇಡಲೂ ಜಾಗವಿರುವುದಿಲ್ಲ ಅಲ್ಲವೇ?

ಹುಬ್ಬಳ್ಳಿ_ಟ್ರಾಮಾ
ಭಯ ಇರಬೇಕು, ಅದ ಒಳ್ಳೇದು. ಒಳಗಿನ ಮೂರನೇ ಒಂದು ಭಾಗದಾಗ ಸಬ್‌ಕ್ಲೇವಿಯನ್ ಅಭಿಧಮನಿ ಮೂಳಿಯ ಹಿಂದ ಇರ್ತೈತಿ, ಕೆಲವರಾಗ ಗೋಡೆಗೆ ತಾಗಿಕೊಂಡ. ಅಲ್ಲಿ ಮುಂದಿಂದ ಹಿಂದಕ್ಕ ಡ್ರಿಲ್ ಹೊಡಿಯೋದು ಅಪಾಯ. ನಡುವಿನ ಭಾಗದಾಗ ರಕ್ತನಾಳ, ನರ ಎಲ್ಲಾ ಹಿಂದ-ಕೆಳಗ ಬರ್ತಾವು, ಅಲ್ಲಿ ಮ್ಯಾಲಿಂದ ಹೊಡಿಯೋವಾಗ ಡ್ರಿಲ್ ಮೂತಿ ಹಿಂದಕ್ಕ ವಾಲಬಾರದು. ಹೊರಗಿನ ಭಾಗದಾಗ ದೂರ ಇರ್ತಾವು.

ಜಾಗ ಇಲ್ಲ ಅಂದ್ರೂ ಮೊಂಡ ಎಲಿವೇಟರ್ ಒಂದನ್ನ ಕಿಟಕಿಯಿಂದ ಮೂಳಿಯ ಕೆಳಗ ಸರಿಸಬಹುದು. ಒಳಗಿನ ಕಿಟಕಿಯಾಗ ಅದನ್ನ ಮಾಡದ ಡ್ರಿಲ್ ಮುಟ್ಟಬ್ಯಾಡ್ರಿ. ಡ್ರಿಲ್ ಸ್ಟಾಪ್ ಹಾಕ್ರಿ, ಆಸಿಲೇಟಿಂಗ್ ಮೋಡ್ ಇದ್ರ ಅದನ್ನ ಬಳಸ್ರಿ, ಬಿಟ್ ಹೊಸದಿರಲಿ. ಮೊಂಡ ಬಿಟ್ಟಿಗೆ ಒತ್ತಡ ಹಾಕ್ತೀರಿ, ಎರಡನೇ ಗೋಡೆ ದಾಟಿದ ಕೂಡಲೆ ಒಳಗ ನುಗ್ತೈತಿ. ಸ್ಕ್ರೂ ಬಹಳ ಮಾಡಿ 14–18 ಮಿ.ಮೀ. ಇರ್ತೈತಿ. ತೂತಿನ ಆಳ ಅಳೆಯೋ ಡೆಪ್ತ್ ಗೇಜ್ 22 ತೋರಿಸಿದ್ರ ಸ್ಕ್ರೂ ಹಾಕೋದಕ್ಕಿಂತ ಮೊದಲ ಇನ್ನೊಮ್ಮೆ ಅಳೀರಿ.

ಅರಿವಳಿಕೆ_ಮೇಡಂ
ಇಲ್ಲಿ ನಮ್ಮ ಕಡೆಯ ಮಾತೂ ಸೇರಲಿ. ಅರೆಕುಳಿತ ಭಂಗಿಯಲ್ಲಿ ಸಬ್‌ಕ್ಲೇವಿಯನ್ ಅಭಿಧಮನಿ ತೂತಾದರೆ ರಕ್ತ ಹೊರಬರುವುದಷ್ಟೇ ಅಲ್ಲ, ಗಾಳಿ ಒಳಹೋಗಬಹುದು. ಎಂಡ್ ಟೈಡಲ್ ಕಾರ್ಬನ್ ಡೈಆಕ್ಸೈಡ್ (ಹೊರಬಿಡುವ ಉಸಿರಿನಲ್ಲಿನ ಅದರ ಮಟ್ಟ) ದಿಢೀರ್ ಬಿದ್ದರೆ, ಜೊತೆಗೆ ಬಿ.ಪಿ. ಇಳಿದರೆ, ಸರ್ಜನ್ ಆ ಕ್ಷಣವೇ ಬೆರಳಿಟ್ಟು ಒತ್ತಿ ಗಾಯಕ್ಕೆ ಸಲೈನ್ ತುಂಬಬೇಕು. ನಾವು ತಲೆಯ ಕಡೆ ಟೇಬಲ್ ಇಳಿಸಿ 100% ಆಮ್ಲಜನಕ ಕೊಡುತ್ತೇವೆ. ರಕ್ತನಾಳದ ಸರ್ಜನ್‌ಗೆ ಕರೆ ಮಾಡುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರಲಿ. ಅರೆಕುಳಿತಾಗ ತೋಳಿನ ಕಫ್ ತೋರಿಸುವ ಬಿ.ಪಿ. ಮೆದುಳಿನದಲ್ಲ. ತಲೆ ಕಫ್‌ಗಿಂತ 20 ಸೆಂ.ಮೀ. ಮೇಲಿದ್ದರೆ ಅಲ್ಲಿ ಸುಮಾರು 15 ಮಿ.ಮೀ. ಕಡಿಮೆ ಇರುತ್ತದೆ. ಫೀಲ್ಡ್ ಒಣಗಿರಲಿ ಎಂದು ಬಿ.ಪಿ. ಇಳಿಸಲು ಕೇಳಬೇಡಿ.

ಬ್ಲಾಕ್, ಅಂದರೆ ನರದ ಬಳಿ ಮದ್ದು ಕೊಟ್ಟು ಮರಗಟ್ಟಿಸುವ ವಿಷಯ. ಮೇಲಿನ ಚರ್ಮಕ್ಕೆ ಸ್ಪರ್ಶ ಕೊಡುವುದು ಕತ್ತಿನ ಸಿ3, ಸಿ4 ನರಬೇರುಗಳಿಂದ ಬರುವ ಸುಪ್ರಾಕ್ಲಾವಿಕ್ಯುಲರ್ ನರಗಳು. ಹಾಗಾಗಿ ಕೈಯ ನರಜಾಲಕ್ಕೆ ಕೊಡುವ ಇಂಟರ್‌ಸ್ಕೇಲಿನ್ ಬ್ಲಾಕ್ ಒಂದೇ ಸಾಲದೆ ಹೋಗಬಹುದು, ಕತ್ತಿನ ಚರ್ಮದ ನರಗಳಿಗೆ ಕೊಡುವ ಸೂಪರ್‌ಫಿಶಿಯಲ್ ಸರ್ವೈಕಲ್ ಪ್ಲೆಕ್ಸಸ್ ಬ್ಲಾಕ್ ಜೊತೆಗೆ ಬೇಕು. ಅದಕ್ಕೆ 5–10 ಮಿ.ಲೀ. ಸಾಕು. ಹಳೆಯ ರೂಢಿಯಂತೆ ಇಂಟರ್‌ಸ್ಕೇಲಿನ್‌ಗೆ 20 ಮಿ.ಲೀ. ಕೊಟ್ಟರೆ ಆ ಕಡೆಯ ವಪೆ (ಉಸಿರೆಳೆಯುವ ಮುಖ್ಯ ಸ್ನಾಯು) ಬಹುತೇಕ ಎಲ್ಲರಲ್ಲೂ ಕೆಲ ಗಂಟೆ ನಿಲ್ಲುತ್ತದೆ. ಆರೋಗ್ಯವಂತರು ಅದನ್ನು ಸಹಿಸುತ್ತಾರೆ. ಪಕ್ಕೆಲುಬು ಮುರಿದವರು, ಶ್ವಾಸಕೋಶ ಜಜ್ಜಿದವರು, ಅಸ್ತಮಾ ಜೋರಿರುವವರು ಸಹಿಸುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ 5–7 ಮಿ.ಲೀ.ಗೆ ಇಳಿಸಿದರೆ ಈ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎದೆಗೆ ಪೆಟ್ಟಾದವರಿಗೆ ಕಾಲರ್ ಬೋನಿನ ಸುತ್ತಲ ಪದರಕ್ಕೇ ಮದ್ದು ಕೊಡುವ ಕ್ಲಾವಿಪೆಕ್ಟೋರಲ್ ಫೇಶಿಯಲ್ ಪ್ಲೇನ್ ಬ್ಲಾಕ್ ಇದಕ್ಕಿಂತ ಮೇಲು. ಬ್ಲಾಕ್ ಮಾಡುವ ಮೊದಲೇ ಕೈಯ ನರಗಳ ಪರೀಕ್ಷೆ ಕೇಸ್ ಶೀಟಿನಲ್ಲಿ ದಾಖಲಾಗಿರಬೇಕು. ಆಮೇಲೆ ಕೈ ಎತ್ತಲಾಗದಿದ್ದರೆ ಅದು ಪೆಟ್ಟಿನಿಂದಲೋ, ಬ್ಲಾಕಿನಿಂದಲೋ, ಸರ್ಜರಿಯಿಂದಲೋ ಹೇಳಲು ಬೇರೆ ದಾರಿ ಇರುವುದಿಲ್ಲ.

ನಲವತ್ತರ_ಸ್ಲಿಂಗ್
ಮೇಡಂ ಹೇಳಿದ ಆ ಸುಪ್ರಾಕ್ಲಾವಿಕ್ಯುಲರ್ ನರಗಳೇ ಗಾಯದ ಕೆಳಗಿನ ಮರಗಟ್ಟುವಿಕೆಗೂ ಕಾರಣ. ಅವು ಮೂಳೆಯನ್ನು ಅಡ್ಡಲಾಗಿ ದಾಟಿ ಎದೆಯ ಮೇಲ್ಭಾಗಕ್ಕೆ ಇಳಿಯುತ್ತವೆ. ಮೂಳೆಯುದ್ದಕ್ಕೂ ಕೊಯ್ದರೆ ಕತ್ತರಿಸಿ ಹೋಗುವ ಸಂಭವ ಹೆಚ್ಚು. ಸಣ್ಣ ಕಿಟಕಿಗಳಲ್ಲಿ ಅವು ಉಳಿಯುವುದು ನಿಜವಾದ ಲಾಭ, ನಾನು ಒಪ್ಪುತ್ತೇನೆ. ಆದರೆ ಸುರಂಗದಲ್ಲಿ ಕಾಣದೆ ಹಿಗ್ಗಿಸಿದರೂ ಅವು ನೋಯುತ್ತವೆ. "ಗಾಯದ ಕೆಳಗೆ ಸ್ವಲ್ಪ ಕಾಲ ಅಥವಾ ಶಾಶ್ವತವಾಗಿ ಜೋಮು ಇರಬಹುದು" ಎಂದು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಬರೆದು, ಓದಿ ಹೇಳಿ ಸಹಿ ಹಾಕಿಸಿ.

ಇಲ್ಲಿ ಹೇಳಿದ್ದೆಲ್ಲ ನಡುಭಾಗದ ಮುರಿತಕ್ಕೆ. ಹೊರತುದಿ ಮುರಿದು, ಕಾಲರ್ ಬೋನನ್ನು ಕೊರಕಾಯ್ಡ್‌ಗೆ (ಭುಜದ ಹಲಗೆಯ ಕೊಕ್ಕಿನಂಥ ಭಾಗ) ಕಟ್ಟುವ ಲಿಗಮೆಂಟ್ ಕೂಡ ಹರಿದಿದ್ದರೆ ಟೆನ್ಸ್ ನೈಲ್ ಕೆಲಸಕ್ಕೆ ಬಾರದು. ಅಲ್ಲಿ ಆರ್ತ್ರೋಸ್ಕೋಪ್‌ನಲ್ಲಿ (ಕೀಲಿನೊಳಗೆ ನೋಡುವ ಸಣ್ಣ ಕ್ಯಾಮೆರಾ) ಕೊರಕಾಯ್ಡ್ ಬುಡ ನೋಡಿ, ಸಣ್ಣ ಸುರಂಗದ ಮೂಲಕ ಬಟನ್-ಹಗ್ಗ ಕಟ್ಟುವ ವಿಧಾನವಿದೆ. ಸುರಂಗ ಕೊರಕಾಯ್ಡಿನ ಅಂಚಿಗೆ ಬಂದರೆ ಕೊರಕಾಯ್ಡೇ ಒಡೆಯುತ್ತದೆ. ಹುಕ್ ಪ್ಲೇಟ್ ಹಾಕಿದರೆ ಮೂರು ನಾಲ್ಕು ತಿಂಗಳಲ್ಲಿ ತೆಗೆಯಲೇಬೇಕು, ಬಿಟ್ಟರೆ ಹುಕ್ ಭುಜದ ತುದಿಯ ಅಕ್ರೋಮಿಯನ್ ಮೂಳೆಯನ್ನು ಕೊರೆಯುತ್ತದೆ. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡಿ.

ಭುಜ_ಫಿಸಿಯೋ
ಡಿಸ್ಚಾರ್ಜ್ ಕಾರ್ಡಿನಲ್ಲಿ "ಫಿಸಿಯೋಥೆರಪಿ ಮಾಡಿಸಿ" ಎಂಬ ಒಂದೇ ಸಾಲು ಬರೆದು ಕಳಿಸಬೇಡಿ ಎಂದು ಎಲ್ಲ ಸರ್ಜನ್‌ಗಳಲ್ಲಿ ಕೇಳಿಕೊಳ್ಳುತ್ತೇನೆ. ನೈಲೋ ಪ್ಲೇಟೋ, ಚೂರಾದ ಮುರಿತವೋ ಸಾದಾ ಮುರಿತವೋ ನಮಗೆ ತಿಳಿಯಬೇಕು.

ಕೈಯನ್ನು 90 ಡಿಗ್ರಿಗಿಂತ ಮೇಲೆತ್ತಿದಾಗ ಕಾಲರ್ ಬೋನ್ ತನ್ನ ಉದ್ದದ ಅಕ್ಷದ ಮೇಲೆ ಹಿಂದಕ್ಕೆ ಉರುಳುತ್ತದೆ. ನೈಲ್ ಈ ತಿರುವನ್ನು ತಡೆಯುವುದಿಲ್ಲ. ಆದ್ದರಿಂದ ನೈಲ್ ಹಾಕಿದವರಿಗೆ 6 ವಾರ ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತಿಸಬಾರದು. ಮೊದಲ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ. ಮೊದಲ ವಾರದಲ್ಲೇ ಮುಂದಕ್ಕೆ ಬಾಗಿ ಲೋಲಕದಂತೆ ಕೈ ತೂಗುವುದು, ಭುಜದ ಹಲಗೆಗಳನ್ನು ಹಿಂದಕ್ಕೆ ಸೇರಿಸುವುದು. ಸ್ಲಿಂಗ್ 2 ವಾರ, ಅದೂ ಆರಾಮಕ್ಕೆ. ಗಟ್ಟಿಯಾಗಿ ಕೂತ ಪ್ಲೇಟ್ ಇದ್ದರೆ ಇಷ್ಟು ಕಟ್ಟು ಬೇಡ, ಆದರೂ ಭಾರ ಬೇಡ.

6 ವಾರದ ಎಕ್ಸ್‌ರೇಯಲ್ಲಿ ಹೊಸ ಮೂಳೆ ಕಂಡ ಮೇಲೆ ಪೂರ್ತಿ ಚಲನೆ. ಬೈಕ್ ಓಡಿಸುವುದೂ ಅದರ ನಂತರವೇ, ಹ್ಯಾಂಡಲ್ ಹಿಡಿದು ಗಟ್ಟಿಯಾಗಿ ಬ್ರೇಕ್ ಹಾಕಿದಾಗ ನೋವಿಲ್ಲದಿದ್ದರೆ. ತುಂಬಿದ ಕೊಡ, ಸಿಲಿಂಡರ್, ಗೊಬ್ಬರದ ಚೀಲ ಎತ್ತುವುದು, ಕಬಡ್ಡಿ ಆಡುವುದು 12 ವಾರ ದಾಟಿ, ಎಕ್ಸ್‌ರೇಯಲ್ಲಿ ಕೂಡಿದ್ದು ಖಚಿತವಾದ ಮೇಲೆ. "ನೋವಿಲ್ಲ, ಅದಕ್ಕೇ ಎತ್ತಿದೆ" ಎನ್ನುವವರು ಹೆಚ್ಚು. ಸರ್ಜರಿಯಾದವರಿಗೆ ಮೂಳೆ ಕೂಡುವ ಮೊದಲೇ ನೋವು ಹೋಗಿರುತ್ತದೆ ಎಂಬುದನ್ನು ಮನೆಯವರಿಗೂ ಬಿಡಿಸಿ ಹೇಳಿ. ರಾತ್ರಿ ಮೊಣಕೈ ಕೆಳಗೆ ದಿಂಬಿಟ್ಟು ಅಂಗಾತ ಮಲಗುವುದು ಒಳ್ಳೆಯದು.

ಮೂಳೆ_ಪಿಜಿ
ತುಂಬಾ ಉಪಕಾರವಾಯಿತು. ಕೊನೆಯ ಪ್ರಶ್ನೆ: ನೈಲ್, ಪ್ಲೇಟ್ ತೆಗೆಯುವುದು ಯಾವಾಗ?

ತುಂಗಾತೀರ_ಆರ್ಥೋ
ನೈಲನ್ನು ಸಾಮಾನ್ಯವಾಗಿ ತೆಗೆಯುತ್ತೇವೆ, ಮೂಳೆ ಪೂರ್ತಿ ಕೂಡಿದ ಮೇಲೆ, 6 ತಿಂಗಳಿನ ಆಸುಪಾಸಿನಲ್ಲಿ. ತುದಿ ಚುಚ್ಚುತ್ತಿದೆ ಎಂದು ಎರಡನೇ ತಿಂಗಳಲ್ಲೇ ತೆಗೆಯಬೇಡಿ. ಚರ್ಮ ಉಳಿಯುವ ಹಾಗಿದ್ದರೆ ಲೋಕಲ್ ಕೊಟ್ಟು ತುದಿಯನ್ನಷ್ಟೇ ಇನ್ನೂ ಗಿಡ್ಡ ಮಾಡಬಹುದು. ಎರಡೂ ಚಿತ್ರಗಳಲ್ಲಿ ನಾಲ್ಕು ಗೋಡೆಗಳ ಪೈಕಿ ಮೂರಾದರೂ ಕೂಡಿರಬೇಕು. ಎಂಡ್ ಕ್ಯಾಪ್ ಯಾವ ಕಂಪನಿಯದು, ಅದರ ಡ್ರೈವರ್ ಯಾವುದು ಎಂದು ಮೊದಲ ಸರ್ಜರಿಯ ಟಿಪ್ಪಣಿಯಲ್ಲೇ ಬರೆದಿಡಿ. ತೆಗೆಯುವ ದಿನ ಅದು ಸಿಗದೆ 1 ಸೆಂ.ಮೀ. ಗಾಯ 4 ಸೆಂ.ಮೀ. ಆಗುತ್ತದೆ.

ಪ್ಲೇಟ್ ತೊಂದರೆ ಕೊಡದಿದ್ದರೆ ಇರಲಿ. ಕೊಟ್ಟರೆ 12–18 ತಿಂಗಳ ನಂತರ. ತೆಗೆದ ಮೇಲೆ ಸ್ಕ್ರೂ ತೂತುಗಳ ಬಳಿ ಮೂಳೆ ಕೆಲಕಾಲ ದುರ್ಬಲವಾಗಿರುತ್ತದೆ, ಒಂದು ಸಣ್ಣ ಬೀಳುವಿಕೆಗೂ ಮತ್ತೆ ಮುರಿಯಬಹುದು. ಆಟ, ಭಾರದ ಕೆಲಸ ಕನಿಷ್ಠ ಎರಡು ತಿಂಗಳು ನಿಲ್ಲಿಸಿ.

ಹುಬ್ಬಳ್ಳಿ_ಟ್ರಾಮಾ
ಮಿಪೋ ಪ್ಲೇಟ್ ತಗಿಯೋವಾಗ ಅವ ಎರಡು ಹಳೇ ಕಿಟಕಿ ಸಾಕಾಗ್ತಾವು. ಎಲ್ಲಾ ಸ್ಕ್ರೂ ಮೊದಲ ಸಡಿಲ ಮಾಡ್ರಿ, ಆಮ್ಯಾಲೆ ಒಂದೊಂದ ಪೂರ್ತಿ ತಗೀರಿ. ಒಂದೊಂದನ್ನ ಪೂರ್ತಿ ತಕ್ಕೊಂತ ಹೋದ್ರ ಕೊನೇ ಲಾಕಿಂಗ್ ಸ್ಕ್ರೂ ಜೊತಿಗೆ ಪ್ಲೇಟೂ ಗರಗರ ತಿರುಗಿ ಸುತ್ತಲಿನ ಮಾಂಸ, ನರ ಹರೀತಾವು. ಸ್ಕ್ರೂ ತಲೆ ಸವದಿದ್ರ ಅದನ್ನ ಕಚ್ಚಿ ತಗಿಯೋ ಕೋನಿಕಲ್ ಎಕ್ಸ್‌ಟ್ರ್ಯಾಕ್ಟರ್ ಬೇಕು, ಸಿಸ್ಟರ್‌ಗೆ ಹಿಂದಿನ ದಿನನ ಹೇಳಿಡ್ರಿ.

ಓಟಿ_ಸಿಸ್ಟರ್_ಮಂಡ್ಯ
ಹಳೆಯ ಓಟಿ ನೋಟ್ಸ್ ಮತ್ತು ಇಂಪ್ಲಾಂಟ್ ಸ್ಟಿಕರ್ ಇರುವ ಪುಟದ ಜೆರಾಕ್ಸ್ ಕೂಡ ಹಿಂದಿನ ದಿನವೇ ಕಳಿಸಿ ಸರ್. ಸ್ಟಿಕರ್ ನೋಡಿದರೆ ಡ್ರೈವರ್ ಯಾವುದೆಂದು ನಾವೇ ಹುಡುಕಿಡುತ್ತೇವೆ.